ದನಿ ಸೋರಬಾರದೆಂದು ಕಿಟಕಿ ಮುಚ್ಚಿಸಿದವರು

ಅವರು ಸತ್ತ ಸುದ್ದಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಫೋನು ಕೆಳಗಿಟ್ಟು, ಇನ್ನೊಂದು ರೊಟ್ಟಿ ಹಾಕು ಎಂದೆ. ಯಾರ ಫೋನು ಎಂದು ಹೆಂಡತಿ ಕೇಳಿದಳು, ಹೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ರೊಟ್ಟಿ ಹಾಕಿದಳು, ಕೇಳದಿದ್ದರೂ ಪಲ್ಯವನ್ನೂ ಹಾಕಿದಳು. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವಳಿಗೆ ನನ್ನ ಹೊಟ್ಟೆಯೊಳಗಿನದು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ದಿನ ಬಿಟ್ಟು ಬಯಲಾಟ ಸಂಘದವರು ಮನೆಗೆ ಬಂದರು. ಕೊಟ್ಟೂರಿನಲ್ಲಿ ನುಡಿನಮನ ಇಟ್ಟುಕೊಂಡಿದ್ದಾರಂತೆ, ಒಂದು ಚಿಕ್ಕ ಪುಸ್ತಕವನ್ನೂ ತರುತ್ತಾರಂತೆ. ನೀವು ಶಾಲೆಯಲ್ಲೂ ಅವರ ಕೈಯಲ್ಲಿ ಕಲಿತವರು, ತಾಲೀಮಿನಲ್ಲೂ ಕಲಿತವರು, ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದರು. ಬರೆಯುತ್ತೇನೆ ಎಂದೆ. ಒಳ್ಳೆಯ ಮಾತು ಎಂಬುದಕ್ಕೆ ನಾನು ಹೂಂ ಅನ್ನಲಿಲ್ಲ. ಚಹಾ ಕುಡಿಯುವ ಗಡಿಬಿಡಿಯಲ್ಲಿ ಅವರು ಅದನ್ನು ಗಮನಿಸಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಒಬ್ಬನ ಹೆಸರು ಊರ ಬಾಯಿಗೆ ಬಿದ್ದರೆ ಏನಾಗುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ. ಗುರುಗಳು ಎಂದರೆ ಸಾಕು, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಬಯಲಾಟದ ಹುಚ್ಚು ಹತ್ತಿದವರಿಗೆಲ್ಲ ತಿಳಿಯುತ್ತದೆ. ಈ ಬಹುವಚನವನ್ನೂ ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿದೆ, ನಾಲಿಗೆ ಮಾತ್ರ ಕೇಳುವುದಿಲ್ಲ.

ಮೊದಲು ದನಿಯ ವಿಷಯ ಹೇಳಿಬಿಡುತ್ತೇನೆ. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ನನ್ನ ಉಳಿದ ಮಾತನ್ನು ಯಾರೂ ನಂಬಬೇಕಾಗಿಲ್ಲ. ಆಳು ಕುಳ್ಳು, ಸಣ್ಣ ಕೈಕಾಲು, ಮುಂದೆ ಬಂದ ಹೊಟ್ಟೆ. ಅಷ್ಟು ಗಿಡ್ಡ ಮೈಯಿಂದ ಅಂಥ ದನಿ ಹೊರಡುತ್ತದೆಂದು ಕೇಳಿದ ಮೇಲೂ ನಂಬಿಕೆ ಬರುತ್ತಿರಲಿಲ್ಲ. ಮೈಕು ಹಿಡಿದವರನ್ನು ಕಂಡರೆ ಅವರಿಗೆ ತಾತ್ಸಾರ. "ಕರೆಂಟು ಹೋದ್ರ ಸಾಯೋ ದನಿ ಅದು" ಎನ್ನುತ್ತಿದ್ದರು. ಪ್ರತಿ ಮಾತಿನ ಕೊನೆಗೆ "ಕೇಳಿಸ್ತಾ?" ಎಂದು ಕೇಳುವ ಚಟ ಬೇರೆ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ನಿಂತು ನನ್ನ ಜೊತೆ ಮಾತನಾಡಿದರೆ ಮಂಡಕ್ಕಿ ಮಿರ್ಚಿ ಅಂಗಡಿಯವನು ಎಣ್ಣೆಯ ಬಾಂಡಲಿಯಿಂದ ತಲೆಯೆತ್ತಿ, ಕೇಳಿಸ್ತು ಬಿಡ್ರಿ ಎನ್ನುತ್ತಿದ್ದ. ಅದೇ ಅಂಗಡಿಯಲ್ಲಿ ಪಕ್ಕದವರ ತಟ್ಟೆಯ ಮಿರ್ಚಿಗೆ ಕೈ ಹಾಕಿ, ಖಾರ ನಿನ್ನ ದನಿಗೆ ಒಳ್ಳೆಯದಲ್ಲ ಎಂದು ತಾವು ತಿನ್ನುತ್ತಿದ್ದರು.

ಶಾಲೆಯಲ್ಲಿ ನನಗೆ ಅವರು ಗಣಿತದ ಮಾಸ್ತರು. ಪರೀಕ್ಷೆಯ ಅಂಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಕಡಿಮೆ ಬಂದವರದನ್ನು ಎರಡು ಸಲ. ನಮ್ಮ ಕೇರಿ ಶಾಲೆಯ ಹಿಂದೆಯೇ ಇತ್ತು. ಗಣಿತದಲ್ಲಿ ನನಗೆ ಬಂದ ಒಂಬತ್ತು ಅಂಕ ನಾನು ಮನೆ ಮುಟ್ಟುವ ಮೊದಲೇ ನಮ್ಮವ್ವನಿಗೆ ಗೊತ್ತಾಗಿತ್ತು. ಅವ್ವ ಬಯ್ಯಲಿಲ್ಲ, ಪಕ್ಕದ ಮನೆಯವರು ಒಂದು ವಾರ ನಕ್ಕರು. ಅವತ್ತಿನಿಂದ ನನಗೆ ಆ ದನಿ ಕಂಡರೆ ಭಯ, ಭಯದ ಹಿಂದೆಯೇ ಆಸೆ. ಅವರಂತೆ ಒಂದು ಸಲ ಕೂಗಬೇಕೆಂಬ ಆಸೆ.

ನಮ್ಮಪ್ಪ ನಾನು ಹುಟ್ಟುವ ಮೊದಲೇ ಬೌದ್ಧನಾದವನು. ಅವನು ತೀರಿಕೊಂಡಾಗ ಮೇಲಿನ ಕೇರಿಯಿಂದ ಮಣ್ಣಿಗೆ ಬಂದವರು ಗುರುಗಳೊಬ್ಬರೇ. ಯಾರೂ ಕರೆದಿರಲಿಲ್ಲ. ಕುಣಿಯ ಪಕ್ಕ ನಿಂತು ಒಂದು ಪದ ಹಾಡಿದರು, ಗುದ್ದಲಿ ಹಿಡಿದವರೂ ಕೈ ನಿಲ್ಲಿಸಿ ಕೇಳಿದರು. ಆವತ್ತು ನಾನು ಅವರ ಕಾಲು ಮುಟ್ಟಿದೆ. ಮುಂದಿನ ವಾರ ತಾಲೀಮಿನಲ್ಲಿ ನಾನು ಒಂದು ಮಾತು ತಪ್ಪಿದ್ದಕ್ಕೆ, ಎಲ್ಲರೆದುರಿಗೆ, "ನಿಮ್ಮಪ್ಪನ ಮಣ್ಣಿಗೆ ಹಾಡೀನಿ ನಾನು, ಅದನ್ನರ ನೆನಸ್ಕೊಂಡು ಸರಿಯಾಗಿ ಹೇಳು" ಎಂದರು. ಕೊಟ್ಟದ್ದನ್ನು ಹೀಗೆ ಕಿತ್ತುಕೊಳ್ಳುವ ವಿದ್ಯೆಯಲ್ಲಿ ಅವರಿಗೆ ಸಮಾನರಿಲ್ಲ.

ಅವರ ತಾಲೀಮಿನ ರೀತಿಯನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಬಯಲಾಟದ ಮಾತು, ಪದ ಎಲ್ಲ ಅವರಿಗೆ ಬಾಯಿಪಾಠ, ಪುಸ್ತಕ ಕೊಡುತ್ತಿರಲಿಲ್ಲ. ಬಾಯಿಂದ ಬಾಯಿಗೆ ಕಲಿಸಬೇಕು ಎಂಬುದು ಅವರ ಹಟ. ಪಾತ್ರದವನನ್ನು ಎದುರಿಗೆ ನಿಲ್ಲಿಸಿ, ಗದ್ದ ಹಿಡಿದು ಮುಖವನ್ನು ತಮ್ಮ ಮುಖಕ್ಕೆ ಒಂದು ಗೇಣಿಗೆ ತಂದುಕೊಂಡು, ಎದೆಯೊಡೆದು ಹೋಗುವಂತೆ ಒಂದು ಮಾತು ಕೂಗುತ್ತಿದ್ದರು. ಅವನು ಅದೇ ಏರಿನಲ್ಲಿ ತಿರುಗಿ ಕೂಗಬೇಕು. ಆಗ ಉಗುಳು ಸಿಡಿಯದೆ ಇರುತ್ತದೆಯೇ? ಒಬ್ಬ ಹೊಸಬ ಒಮ್ಮೆ ಮುಖ ಒರೆಸಿಕೊಂಡ. ಗುರುವಿನ ಎಂಜಲು ಪ್ರಸಾದ, ಅದನ್ನು ಒರೆಸಿಕೊಂಡವನಿಗೆ ವಿದ್ಯೆ ಹತ್ತುವುದಿಲ್ಲ ಎಂದು ಅವನನ್ನು ಎಬ್ಬಿಸಿ ಕಳಿಸಿದರು. ಆಮೇಲೆ ಯಾರೂ ಒರೆಸಿಕೊಳ್ಳಲಿಲ್ಲ. ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಸಹಾಯಕನೆಂದು ಸಂಬಳ ತೆಗೆದುಕೊಳ್ಳುವ ನಾನೂ ಒರೆಸಿಕೊಳ್ಳಲಿಲ್ಲ. ಕೈ ತೊಳೆಯಿರಿ ಎಂದು ಹತ್ತು ಹಳ್ಳಿಗೆ ಬುದ್ಧಿ ಹೇಳಿ ಬಂದು, ಭಾನುವಾರ ಮಧ್ಯಾಹ್ನ ಆ ಪ್ರಸಾದಕ್ಕೆ ಮುಖ ಒಡ್ಡುತ್ತಿದ್ದೆ.

ಭಾನುವಾರ ಯಾಕೆಂದರೆ ನಮ್ಮ ಮೇಳದಲ್ಲಿ ಈಗ ಬಹಳ ಜನರಿಗೆ ನೌಕರಿ. ಜಾಗ ಊರ ಹಳೆಯ ಶೇಂಗಾ ಗೋದಾಮು. ಅದಕ್ಕೆ ಎರಡು ಕಿಟಕಿ, ಎರಡನ್ನೂ ಮುಚ್ಚಿಸಿ ಸಂದಿಗೆ ಗೋಣಿಚೀಲ ತುರುಕಿಸುತ್ತಿದ್ದರು. ದನಿ ಸೋರಿ ಹೋದರೆ ಎದೆಯಲ್ಲಿ ನಿಲ್ಲುವುದಿಲ್ಲ, ಗೋಡೆಗೆ ಹೊಡೆದು ತಿರುಗಿ ಬಂದ ದನಿಯೇ ಗಟ್ಟಿಯಾಗುವುದು ಎಂಬ ಶಾಸ್ತ್ರ ಅವರದು. ಏಪ್ರಿಲ್ ಬಿಸಿಲಿನಲ್ಲಿ ಹದಿನಾಲ್ಕು ಜನ ಆ ಗೂಡಿನಲ್ಲಿ ಬೆಂದು ಬೆವರುತ್ತಿದ್ದೆವು. ನನ್ನ ಪಾತ್ರ ಯಾವಾಗಲೂ ದೂತನದು, ಬಂದು ಎರಡು ಮಾತು ಹೇಳಿ ಹೋಗುವುದು. ಹಾಗಾಗಿ ಬಾಗಿಲ ಸಂದಿಯಲ್ಲಿ ಕೂರುವ ಸ್ವಾತಂತ್ರ್ಯ ನನಗಿತ್ತು. ಹತ್ತು ವರ್ಷ ದೂತನಾಗಿಯೇ ಇದ್ದೆ.

ರಾಜಪಾರ್ಟು ಒಬ್ಬ ಕಂಡಕ್ಟರನದು. ಹಗರಿಬೊಮ್ಮನಹಳ್ಳಿ ಕಡೆಯ ಬಸ್ಸಿನಲ್ಲಿ ಕೆಲಸ. ಆಳು ಎತ್ತರ, ಸ್ವಭಾವ ಬೆಣ್ಣೆ. ಟಿಕೆಟ್ ತೆಗೆದುಕೊಳ್ಳದವನ ಮುಂದೆ ರಾಜನ ಮಾತು ಹೇಳಿ ನಗಿಸಿ ಟಿಕೆಟ್ ಕೊಡುವವನು. ಮದ್ದಲೆ ಕೊಟ್ರಪ್ಪನದು. ಕುರಿ ಸಾಕುವ ಮನೆತನದವನು, ಎಳೆಯ ವಯಸ್ಸಿನಲ್ಲಿ ರಾಶಿ ಮಷೀನಿನ ಮುಂದೆ ಕೂಲಿ ಮಾಡಿ ಧೂಳು ಕುಡಿದು ಎದೆ ಕೆಡಿಸಿಕೊಂಡವನು. ವರ್ಷವಿಡೀ ಕೆಮ್ಮು. ಟವೆಲ್ಲು ಬಾಯಿಗೆ ಒತ್ತಿಕೊಂಡು, ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದ, ಬೆರಳು ಮಾತ್ರ ಮದ್ದಲೆ ಬಿಡುತ್ತಿರಲಿಲ್ಲ. ಕೆಮ್ಮುವುದಾದರೆ ತಾಳಕ್ಕೆ ಸರಿಯಾಗಿ ಕೆಮ್ಮು ಎಂದು ಗುರುಗಳು ಹಂಗಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ಕೊಟ್ರಪ್ಪನೂ ನಗುತ್ತಿದ್ದ.

ಕೊರೊನಾ ಮುಗಿಯಿತು ಎಂದು ಎಲ್ಲರೂ ಮಾಸ್ಕು ಬಿಚ್ಚಿಟ್ಟಿದ್ದ ಕಾಲ ಅದು. ಎರಡನೆಯ ಸುತ್ತು ಹೊಸ್ತಿಲಿಗೆ ಬಂದು ನಿಂತದ್ದು ನಮಗೆ ತಿಳಿದಿರಲಿಲ್ಲ. ಗುರುಗಳು ಹರಪನಹಳ್ಳಿಯಲ್ಲಿ ಒಂದು ಮದುವೆ ಉಂಡು ಬಂದು ಮೂರ್ನಾಲ್ಕು ದಿನವಾಗಿತ್ತು. ಆ ಭಾನುವಾರ ಅವರಿಗೆ ಎಂದೂ ಇಲ್ಲದ ಹುರುಪು. ಎರಡು ಗಂಟೆಗೆ ಶುರು ಮಾಡಿದವರು ಐದಾದರೂ ಬಿಡಲಿಲ್ಲ. ಒಬ್ಬೊಬ್ಬರ ಗದ್ದ ಹಿಡಿದು ಕೂಗಿದರು, ಪದ ಹಾಡುವಾಗ ಕೊಟ್ರಪ್ಪನ ಮುಂದೆ ಮಂಡಿಯೂರಿ ಅವನ ಮುಖಕ್ಕೇ ಹಾಡಿದರು. ಕಂಡಕ್ಟರನಿಗಂತೂ ಒಂದೇ ಮಾತನ್ನು ಇಪ್ಪತ್ತು ಸಲ ಹೇಳಿಕೊಟ್ಟಿರಬೇಕು. ನನಗೆ ಆಸ್ಪತ್ರೆಯಿಂದ ಫೋನುಗಳು ಬರುತ್ತಿದ್ದವು, ಎದ್ದೆದ್ದು ಹೊರಗೆ ಹೋದೆ. ಅದಕ್ಕೆ ಬೈಸಿಕೊಂಡೆ.

ಬುಧವಾರದಿಂದ ಶುರುವಾಯಿತು. ಇಬ್ಬರಿಗೆ ಜ್ವರ, ಮರುದಿನ ಐದು ಜನಕ್ಕೆ, ಶನಿವಾರದ ಹೊತ್ತಿಗೆ ಹದಿನಾಲ್ಕರಲ್ಲಿ ಹನ್ನೊಂದು ಜನ ಮಲಗಿದ್ದರು. ಗಂಟಲ ದ್ರವ ತೆಗೆದುಕೊಳ್ಳಲು ಮನೆಮನೆಗೆ ಹೋದವನು ನಾನೇ. ಗುರುಗಳಿಗೂ ಬಂದಿತ್ತು, ಹಗುರಾಗಿತ್ತು. ಕೊಟ್ರಪ್ಪನಿಗೆ ಗುರುವಾರ ಜ್ವರ, ಕಂಡಕ್ಟರನಿಗೂ ಗುರುವಾರ. ಒಂದು ವಾರಕ್ಕೆ ಕಂಡಕ್ಟರನ ಉಸಿರು ಕಟ್ಟತೊಡಗಿತು, ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಆಂಬುಲೆನ್ಸಿಗೆ ಹತ್ತುವಾಗಲೂ ಅವನು, ದೂತಾ, ರಥ ಬಂತಲ್ಲೋ ಎಂದು ನನ್ನನ್ನು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ.

ಗುರುಗಳು ಮನೆಯಲ್ಲಿ ಹಾಸಿಗೆ ಹಿಡಿದಿದ್ದರೂ ಬಾಯಿ ಹಾಸಿಗೆ ಹಿಡಿದಿರಲಿಲ್ಲ. ಕೂತಲ್ಲಿಂದಲೇ ಊರಿಗೆಲ್ಲ ಫೋನು. ಕೆಮ್ಮುತ್ತಿದ್ದವನು ಯಾರು, ಕೊಟ್ರಪ್ಪ. ಹಾಗಾದರೆ ತಂದವನು ಯಾರು. "ಕೆಮ್ಮೋ ಕುರೀನ ಹಿಂಡಿನಾಗ ಬಿಟ್ಕೊಂಡಿದ್ದು ನನ್ನ ತಪ್ಪು" ಎಂದು ತಮ್ಮ ದೊಡ್ಡತನವನ್ನೂ ಅದರಲ್ಲೇ ಸೇರಿಸಿ ಹೇಳಿದರು. ನಮ್ಮ ಕಡೆ ಕುರಿಗಾರರು ಕೆಮ್ಮುವ ಕುರಿಯನ್ನು ಬೇರೆ ಕಟ್ಟುವುದು ವಾಡಿಕೆ. ಕುರಿಗಾರನ ಮೇಲೆಯೇ ಆ ಮಾತು ಬಿದ್ದಾಗ ಊರಿಗೆ ಅದು ಎಷ್ಟು ಸರಿಯಾಗಿ ಕೂತಿತೆಂದರೆ, ಎರಡನೆಯ ಸಲ ಯೋಚಿಸುವವರೇ ಇರಲಿಲ್ಲ. ಕೊಟ್ರಪ್ಪನ ಮನೆಗೆ ಹಾಲು ಹಾಕುವವಳು ನಿಲ್ಲಿಸಿದಳು. ಕಿರಾಣಿ ಅಂಗಡಿಯವನು ಅವನ ಹೆಂಡತಿಯನ್ನು ದೂರ ನಿಲ್ಲಿಸಿ ಚೀಲವನ್ನು ಎಸೆಯುತ್ತಿದ್ದ. ಅವನ ಇಬ್ಬರು ಹೆಣ್ಣುಮಕ್ಕಳು ನಳದ ಸರದಿಗೆ ನಿಂತರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು.

ಆ ದಿನಗಳಲ್ಲಿ ನನ್ನ ಕೆಲಸ ಯಾರಿಗೆ ಯಾವತ್ತು ಜ್ವರ, ಅದಕ್ಕೆ ಮುಂಚೆ ಅವರು ಯಾರ ಜೊತೆಗಿದ್ದರು ಎಂದು ಪಟ್ಟಿ ಮಾಡುವುದು. ಗುರುಗಳು ಫೋನಿನಲ್ಲಿ, ನನಗೂ ಗುರುವಾರವೇ ಬಂತು ಎಂದು ಬರೆಸಿದ್ದರು. ಪಟ್ಟಿಯನ್ನು ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಮುಂದಿಟ್ಟೆ. ದಾವಣಗೆರೆ ಕಡೆಯ ಹುಡುಗಿ, ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಊರಿನ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ಮೊದಲು ಕೇಳಿದ್ದು ಕೊಟ್ರಪ್ಪನ ಮನೆಯಲ್ಲಿ ಎಷ್ಟು ಜನ ಎಂದು. ಒಂದೇ ಕೋಣೆಯ ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ನಾಲ್ವರ ಗಂಟಲ ದ್ರವವನ್ನೂ ನಾನು ಎರಡು ಸಲ ತೆಗೆದು ಕಳಿಸಿದ್ದೆ, ಯಾರಿಗೂ ಬಂದಿರಲಿಲ್ಲ. ಜ್ವರ ಬಂದ ಮೇಲೆ ಎರಡು ದಿನ ಅವನು ಅವರ ಮಧ್ಯೆಯೇ ಕೆಮ್ಮುತ್ತ ಮಲಗಿದ್ದ.

"ನೋಡಿ, ಮನೆಯವರಿಗೇ ಕೊಡದವನು ಗೋದಾಮಿನಲ್ಲಿ ಹತ್ತು ಜನಕ್ಕೆ ಕೊಟ್ಟ ಅಂದ್ರೆ ನಾನು ಸುಲಭಕ್ಕೆ ನಂಬಲ್ಲ" ಎಂದಳು.

ಆಮೇಲೆ ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಈ ಕಾಯಿಲೆ ಎಲ್ಲರೂ ಸಮನಾಗಿ ಹಂಚುವ ಕಾಯಿಲೆಯಲ್ಲ. ಬಹಳ ಜನ ಯಾರಿಗೂ ಕೊಡದೆ, ಇಲ್ಲ ಒಬ್ಬರಿಗೆ ಕೊಟ್ಟು ಗುಣವಾಗುತ್ತಾರೆ. ಕೆಲವರು ಮಾತ್ರ ಒಂದೇ ಮಧ್ಯಾಹ್ನದಲ್ಲಿ ಹತ್ತು ಮನೆಗೆ ಹಚ್ಚುತ್ತಾರೆ. ಕೆಮ್ಮೊಂದೇ ಗುರುತಲ್ಲ. ಮಾತನಾಡಿದಾಗ, ಅದರಲ್ಲೂ ಕೂಗಿದಾಗ, ಹಾಡಿದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಬಾಯಿಂದ ಹೊರಬೀಳುತ್ತವೆ. ದನಿ ಏರಿದಷ್ಟೂ ಹನಿ ಹೆಚ್ಚು. ಅದೂ ಎಲ್ಲರಿಗೂ ಒಂದೇ ಅಲ್ಲ, ಇಬ್ಬರು ಒಂದೇ ಏರಿನಲ್ಲಿ ಕೂಗಿದರೂ ಒಬ್ಬನ ಬಾಯಿಂದ ಇನ್ನೊಬ್ಬನ ಹಲವು ಪಟ್ಟು ಬೀಳಬಹುದು. ಯಾಕೆಂದು ದೊಡ್ಡವರಿಗೂ ಪೂರ್ತಿ ತಿಳಿದಿಲ್ಲ, ಗಂಟಲಿನ, ಎದೆಯ ರಚನೆಯಿರಬೇಕು. ಇದರ ಮೇಲೆ ದಿನವೂ ಕೂಡಿ ಬರಬೇಕು. ಜ್ವರ ಕಾಣುವ ಒಂದೆರಡು ದಿನ ಮುಂಚಿನಿಂದಲೇ ಗಂಟಲಲ್ಲಿ ವೈರಸ್ಸು ತುಂಬಿರುತ್ತದೆ, ಆಗ ಮನುಷ್ಯ ಆರಾಮಾಗಿಯೇ ಓಡಾಡುತ್ತಿರುತ್ತಾನೆ. ಇನ್ನು ಜಾಗ. ಒಗ್ಗರಣೆಯ ಘಾಟು ಕಿಟಕಿ ತೆಗೆದ ಮನೆಯಲ್ಲಿ ಗಳಿಗೆಗೆ ಹೋಗುತ್ತದೆ, ಮುಚ್ಚಿದ ಮನೆಯಲ್ಲಿ ಹಿಂದಿನ ಕೋಣೆಯವರೂ ಕೆಮ್ಮುತ್ತಾರೆ, ಇದೂ ಹಾಗೆಯೇ ಎಂದಳು. ಈ ಎಲ್ಲವೂ ಒಂದೇ ಹೊತ್ತಿಗೆ ಒಬ್ಬನಲ್ಲಿ ಸೇರಿದರೆ ಮಾತ್ರ ಇಂಥದ್ದು ಆಗುವುದು.

ತಾಲೀಮಿನಲ್ಲಿ ಗುರುಗಳು ಕಲಿಸುವ ರೀತಿಯನ್ನು ಅವಳಿಗೆ ಹೇಳಿದೆ. ನನ್ನ ಕಣ್ಣ ಮುಂದೆ ಗೋಣಿಚೀಲ ತುರುಕಿದ ಕಿಟಕಿ ಬಂದು ನಿಂತಿತ್ತು. ಅವರನ್ನು ಕಂಡು ತಾರೀಖು ಇನ್ನೊಮ್ಮೆ ವಿಚಾರಿಸಿ ಬನ್ನಿ, ಜಗಳಕ್ಕಲ್ಲ, ಮುಂದೆ ಕಿಟಕಿ ತೆಗೆಯಲಿಕ್ಕೆ ಎಂದು ಡಾಕ್ಟರಮ್ಮ ಹೇಳಿದಳು. ಇದು ಯಾರ ಪಾಪವೂ ಅಲ್ಲ ಎಂದೂ ಹೇಳಿದಳು.

ಗುರುಗಳ ಕ್ವಾರಂಟೈನು ಮುಗಿದ ದಿನ ಅವರ ಮನೆಗೆ ಹೋದೆ. ಕಂಡಕ್ಟರ ಆಗಿನ್ನೂ ಆಸ್ಪತ್ರೆಯಲ್ಲಿದ್ದ. ಪಡಸಾಲೆಯಲ್ಲಿ ಕೂರಿಸಿ ತಮ್ಮ ಕಾಯಿಲೆಯ ಕಥೆಯನ್ನು ಯುದ್ಧದ ಕಥೆಯಂತೆ ಹೇಳಿದರು. ಅಷ್ಟರಲ್ಲಿ ಚಹಾ ತಂದ ಅವರ ಹೆಂಡತಿ, ಪಾಪ, ಏನೂ ಅರಿಯದ ಹೆಂಗಸು, ಆ ಭಾನುವಾರ ತಾಲೀಮಿನಿಂದ ಬಂದವರೇ ಮೈ ಕೈ ನೋವೆಂದು ಮಲಗಿದ್ದನ್ನೂ, ಸೋಮವಾರ ಬೆಳಿಗ್ಗೆ ಮೈ ಸುಡುತ್ತಿದ್ದುದನ್ನೂ, ತಾನೇ ಹೋಗಿ ಜ್ವರದ ಮಾತ್ರೆ ತಂದದ್ದನ್ನೂ ಹೇಳಿ ಒಳಗೆ ಹೋದಳು. ನಾನು ಪಟ್ಟಿ ತೆಗೆದೆ. ಗುರುಗಳೇ, ನೀವು ಗುರುವಾರ ಅಂತ ಬರೆಸಿದ್ದೀರಿ ಎಂದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಯಾರೂ ನಿಮ್ಮನ್ನು ದೂರುವುದಿಲ್ಲ, ಕೊಟ್ರಪ್ಪ ತಂದದ್ದಲ್ಲ ಎಂದು ನಾಲ್ಕು ಜನಕ್ಕೆ ನೀವೇ ಹೇಳಿದರೆ ಸಾಕು ಎಂದೆ.

"ನಾನು ಒಂದು ಸಲನಾದ್ರೂ ಕೆಮ್ಮೀನೇನು?" ಎಂದರು. ಇಲ್ಲ ಎಂದೆ. "ಮತ್ತ? ನನ್ನ ಬಾಯಾಗಿಂದ ವಿದ್ಯಾ ಬರ್ತೈತಿ, ರೋಗ ಬರೂದಿಲ್ಲ."

ಆಮೇಲೆ ಮುಂದಕ್ಕೆ ಬಾಗಿ, ಬಾಗಿಲ ಕಡೆ ಒಮ್ಮೆ ನೋಡಿ, "ಗುರುವಾರ ಅಂತ ಬರ್ದೀಯಲ್ಲ, ಹಂಗ ಇರ್ಲಿ" ಎಂದರು. ಅವರು ಮೆಲ್ಲಗೆ ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಂದರೆ ಅವರಿಗೆ ಗೊತ್ತಿತ್ತು. ಮೆಲ್ಲಗೆ ಮಾತನಾಡಲೂ ಬರುತ್ತಿತ್ತು. ಪಟ್ಟಿಯ ಗುರುವಾರವನ್ನು ನಾನು ತಿದ್ದಲಿಲ್ಲ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಕಾಯಿಲೆ ಹಂಚಿದ್ದಕ್ಕೆ ನಾನು ಅವರನ್ನು ದ್ವೇಷಿಸುವುದಿಲ್ಲ. ಆ ಭಾನುವಾರ ತಮ್ಮ ಗಂಟಲಲ್ಲಿ ಏನಿದೆಯೆಂದು ಅವರಿಗೆ ತಿಳಿಯುವ ಹಾಗಿರಲಿಲ್ಲ. ಅಂಥ ಗಂಟಲನ್ನು ಅವರು ಬೇಡಿ ಪಡೆದವರಲ್ಲ, ಅದೇ ಗಂಟಲಿಗೆ ನಾವೆಲ್ಲ ಶಿಳ್ಳೆ ಹೊಡೆದವರು. ಆದರೆ ತಿಳಿದ ಮೇಲೆ ಒಬ್ಬ ಬಡವನ ಟವೆಲ್ಲಿನ ಹಿಂದೆ ಅಡಗಿಕೊಂಡರಲ್ಲ, ಅದು ಗಂಟಲಿನ ತಪ್ಪಲ್ಲ. ಅದಕ್ಕೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಕಂಡಕ್ಟರ ಮೂರನೆಯ ವಾರ ತೀರಿಕೊಂಡ. ಹೆಣವನ್ನೂ ಊರಿಗೆ ತರಲಾಗಲಿಲ್ಲ. ಅವನ ಹೆಂಡತಿ ಗಂಗಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವಾಕೆ, ಯಾರ ಜೊತೆಯೂ ದನಿ ಎತ್ತಿ ಮಾತನಾಡಿದವಳಲ್ಲ. ಸುದ್ದಿ ಬಂದ ಐದನೆಯ ದಿನ ಆಕೆ ಕೊಟ್ರಪ್ಪನ ಮನೆಯ ಮುಂದೆ ಬಂದು ನಿಂತಳು. ಅವನ ಉಸಿರಿನ ಮಟ್ಟ ನೋಡಲು ನಾನು ಅಲ್ಲಿಗೆ ಹೋಗಿದ್ದೆ, ಪಟ್ಟಿಯ ಚೀಲ ಹೆಗಲಲ್ಲೇ ಇತ್ತು. ಆಕೆ ಹಿಡಿ ಮಣ್ಣು ತೆಗೆದು ಅವನ ಬಾಗಿಲಿಗೆ ತೂರಿದಳು. ನನ್ನ ಕುಂಕುಮ ಅಳಿಸಿದವನ ಮನೆ ಹಾಳಾಗಲಿ, ನಿನ್ನ ಮಕ್ಕಳ ತಲೆಗೆ ಅಕ್ಕಿಕಾಳು ಬೀಳದಿರಲಿ ಎಂದಳು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಕೊಟ್ರಪ್ಪ ಒಳಗಿಂದ ಬಂದು ಕೈ ಮುಗಿದು ನಿಂತ. ಅವನಿಗೆ ಆಗ ಕೆಮ್ಮು ಬಂತು, ಟವೆಲ್ಲು ಬಾಯಿಗೆ ತುರುಕಿಕೊಂಡ. ಅದನ್ನು ಕಂಡು ಆಕೆಯ ಸಿಟ್ಟು ಇನ್ನಷ್ಟು ಏರಿತು.

ನಾನು ಆಕೆಯ ಪಕ್ಕದಲ್ಲೇ ನಿಂತಿದ್ದೆ. ಸಮಾಧಾನ ಮಾಡಿಕೊಳ್ಳಿ ಎಂದೆ, ಮನೆಗೆ ಹೋಗೋಣ ನಡೆಯಿರಿ ಎಂದೆ. ಹೇಳಬೇಕಾದ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ರೋಗಿಗಳ ವಿವರ ಹೊರಗೆ ಹೇಳಬಾರದೆಂಬ ನಿಯಮ ನಮಗಿದೆ, ಒಳ್ಳೆಯ ನಿಯಮ. ಅದನ್ನು ಕೊಡೆಯಂತೆ ತಲೆಯ ಮೇಲೆ ಹಿಡಿದು ನಿಂತೆ. ಇಂಥವರು ತಂದರು ಎಂದು ಹೇಳಬಾರದಿತ್ತು, ನಿಜ. ಕೊಟ್ರಪ್ಪ ತಂದಿಲ್ಲ ಎಂದು ಹೇಳಬೇಡ ಎಂದು ಯಾವ ನಿಯಮವೂ ನನಗೆ ಹೇಳಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕೊಟ್ರಪ್ಪ ಮನೆಗೆ ಬೀಗ ಹಾಕಿ, ಕುರಿ ಹೊಡೆದುಕೊಂಡು, ಹೆಂಡತಿಯ ಊರಾದ ಹಿರೇಹಡಗಲಿ ಕಡೆ ಹೋದ. ಮದ್ದಲೆಯನ್ನು ಸಂಘಕ್ಕೆ ಒಪ್ಪಿಸಿ ಹೋದ. ಮುಂದಿನ ವರ್ಷ ಮೇಳ ಮತ್ತೆ ಕೂಡಿತು. ಗುರುಗಳು ನನ್ನನ್ನು ಕರೆಸಿ, ರಾಜಪಾರ್ಟು ಇನ್ನು ನಿನ್ನದು ಎಂದರು. ಯಾಕೆ ಕೊಟ್ಟರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬೇಡ ಎನ್ನಲಿಲ್ಲ. ಕಂಡಕ್ಟರನ ಕಿರೀಟ ನನ್ನ ತಲೆಗೆ ದೊಡ್ಡದಾಗಿತ್ತು, ಒಳಗೆ ಬಟ್ಟೆ ಸುತ್ತಿ ಇಟ್ಟುಕೊಂಡೆ. ಹಡಗಲಿ, ಹಗರಿಬೊಮ್ಮನಹಳ್ಳಿ, ತೆಲಿಗಿ ಎಲ್ಲ ಕಡೆ ಆಡಿದೆ. ಜನ ಚಪ್ಪಾಳೆ ತಟ್ಟಿದರು. ಗುರುಗಳು ಕೆಳಗೆ ಕೂತು, ನನ್ನ ತಯಾರಿ ಎಂದು ಪಕ್ಕದವರಿಗೆ ಹೇಳುತ್ತಿದ್ದದ್ದು ರಂಗದ ಮೇಲಿನ ನನಗೂ ಕೇಳಿಸುತ್ತಿತ್ತು. ಒಂದು ಮಾತ್ರ ಮಾಡಿದೆ. ತಾಲೀಮಿನಲ್ಲಿ ಕಿಟಕಿಗಳನ್ನು ನಾನೇ ತೆಗೆಸಿದೆ. ಅವರು ತಡೆಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಹೀಗೆ ನಾಲ್ಕು ವರ್ಷ. ಈಗ ಅವರು ಎದೆನೋವಿನಿಂದ ಹೋದರು, ಮಲಗಿದ್ದಲ್ಲೇ, ಸದ್ದಿಲ್ಲದೆ. ಸಂಘದವರು ಬಂದು ಹೋದ ಮೇಲೆ ಕಾಗದ ಮುಂದಿಟ್ಟುಕೊಂಡು ಕೂತೆ. ಅವರ ದನಿಯ ಬಗ್ಗೆ ಒಂದು ಪುಟ ಬರೆದೆ. ಎರಡನೆಯ ಪುಟಕ್ಕೆ ಕೈ ಏಳಲಿಲ್ಲ. ಮರುದಿನ ರಜೆ ಹಾಕಿ ಹಿರೇಹಡಗಲಿಗೆ ಹೋದೆ.

ಕೊಟ್ರಪ್ಪ ಊರ ಹೊರಗೆ ಕುರಿಹಟ್ಟಿಯ ಬೇಲಿ ಕಟ್ಟುತ್ತಿದ್ದ. ಮುಳ್ಳು ಕೆಳಗಿಟ್ಟು ಬಂದು ನೀರು ಕೊಟ್ಟ, ಮಕ್ಕಳ ವಿಷಯ ಹೇಳಿದ. ದೊಡ್ಡವಳಿಗೆ ಎರಡು ಕಡೆ ಗಂಡು ಗೊತ್ತಾಗಿ, ನಮ್ಮೂರಿನಲ್ಲಿ ವಿಚಾರಿಸಿದ ಮೇಲೆ ತಿರುಗಿ ಹೋಗಿದ್ದರಂತೆ. ಗುರುಗಳು ಸತ್ತದ್ದು ಅವನಿಗೆ ಗೊತ್ತಿತ್ತು. ನಾನು ಹೇಳಬೇಕಾದದ್ದನ್ನು ಹೇಳಿದೆ, ತಾರೀಖು ಸಮೇತ. ಅವನು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದ. ಅವನು ಅಳಬಹುದು, ಇಲ್ಲ ಹೊಡೆಯಬಹುದು ಎಂದು ಎರಡಕ್ಕೂ ಸಿದ್ಧವಾಗಿ ಹೋಗಿದ್ದೆ.

"ನಾ ತಂದಿಲ್ಲ ಅನ್ನೋದು ನನಗ ಆವತ್ತ ಗೊತ್ತಿತ್ತಲ್ರೀ ಸಾಹೇಬ್ರ" ಎಂದ. "ನನಗ ಹೇಳಾಕ ಇಷ್ಟು ದೂರ ಯಾಕ ಬಂದ್ರಿ? ಗಂಗಕ್ಕಗ ಹೇಳ್ರಿ. ಆಕಿ ಶಾಪ ಐತಿ ನನ್ನ ಮಕ್ಕಳ ಮ್ಯಾಲ."

ಇಷ್ಟು ಹೇಳಿ ಬೇಲಿಯ ಕೆಲಸಕ್ಕೆ ಹೋದ. ಊಟಕ್ಕೆ ಏಳಿ ಎಂದು ಅವನ ಹೆಂಡತಿ ಕರೆದಳು. ಹಸಿವಿಲ್ಲ ಎಂದು ಸುಳ್ಳು ಹೇಳಿ ಬಸ್ಸಿಗೆ ಬಂದೆ.

ಮರುದಿನ ಬೆಳಿಗ್ಗೆ ಗಂಗಮ್ಮನ ಮನೆಗೆ ಹೋದೆ. ಆಕೆ ಮಷೀನಿನ ಮುಂದೆ ಕೂತು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಬರ್ರಿ ಅಣ್ಣಾರ ಎಂದು ಚಾಪೆ ಹಾಕಿದಳು. ಈ ಮನೆಗೆ ನಾನು ಹಬ್ಬಹುಣ್ಣಿಮೆಗೆ ಬಂದು ಹೋಗುವವನು, ಆಕೆಯ ಗಂಡನ ಪಾತ್ರವನ್ನು ಆಡುವವನೆಂದು ನನ್ನ ಮೇಲೆ ಆಕೆಗೆ ವಿಶೇಷ ಅಂತಃಕರಣ. ಹೇಳಲು ಶುರು ಮಾಡಿದೆ. ಗೋದಾಮು, ಕಿಟಕಿ, ಒಬ್ಬರ ಬಾಯಿಂದ ಹೆಚ್ಚು ಒಬ್ಬರ ಬಾಯಿಂದ ಕಡಿಮೆ ಯಾಕೆ, ಕೊಟ್ರಪ್ಪನ ಮನೆಯವರಿಗೆ ಯಾರಿಗೂ ಬಾರದಿದ್ದದ್ದು, ಸೋಮವಾರದ ಜ್ವರ ಗುರುವಾರವಾದದ್ದು, ಎಲ್ಲವನ್ನೂ. ಮಷೀನು ನಿಂತಿತು. ಗುರುಗಳ ಹೆಸರು ಬಂದಾಗ ಆಕೆಯ ಕೈ ಬಟ್ಟೆಯ ಮೇಲೆ ಹಾಗೆಯೇ ಇತ್ತು.

ಆಕೆ ಒಂದೇ ಪ್ರಶ್ನೆ ಕೇಳಿದಳು. ಇದು ನಿಮಗ ಯಾವಾಗ ಗೊತ್ತಾತು ಎಂದು. ಸುಳ್ಳು ಹೇಳಬಹುದಿತ್ತು. ನಿಮ್ಮವರು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಎಂದೆ.

ಆಕೆ ದಾರ ಕತ್ತರಿಸಿ, ಹೊಲಿಗೆ ಮಡಚಿಟ್ಟಳು. ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದು, ಹಿರೇಹಡಗಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹಡಗಲಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು, ಮನೆ ಊರ ಹೊರಗಿದೆ, ನಾನೂ ಬರುತ್ತೇನೆ ಎಂದೆ. ಆಕೆ ಬಾಗಿಲು ಹಾಕಿಕೊಂಡು ನಡೆದಳು. ನಾನು ಹಿಂದೆ ಹಿಂದೆ ನಡೆದೆ. ನಿಲ್ದಾಣದಲ್ಲಿ ಬಸ್ಸು ಬರುವುದು ಕಂಡಾಗ ನಾನು ಮುಂದೆ ಹೋದೆ. ಆಕೆ ತಿರುಗಿದಳು.

"ನೀವು ಬ್ಯಾಡ್ರಿ ಅಣ್ಣಾರ. ನಾ ತಿಳೀದ ಬೈದೀನಿ, ಹೋಗಿ ಕಾಲು ಹಿಡೀತೀನಿ, ಆತ ಒದ್ರೂ ಒದೀಲಿ. ನೀವು ತಿಳದು ಸುಮ್ಮನಿದ್ರಿ. ನಿಮ್ಮದು ಬ್ಯಾರೆ ಐತಿ."

ಆಕೆ ಹತ್ತಿದಳು. ಆ ಬಸ್ಸಿನ ಕಂಡಕ್ಟರ ಬಾಗಿಲು ಹಿಡಿದು, ನೀವು ಬರ್ತೀರೇನ್ರಿ ಎಂದು ನನ್ನನ್ನು ಕೇಳಿದ. ಇಲ್ಲ ಎಂದೆ.